ಟ್ರೋಲ್‌ತುಂಗಾದ ಕೆಳಗಿನ ಬಂದರು

ಟ್ರೋಲ್‌ತುಂಗಾದ ಫೋಟೋ ನೀವು ನೋಡಿಯೇ ಇರುತ್ತೀರಿ. ಹೆಸರು ಗೊತ್ತಿಲ್ಲದಿದ್ದರೂ ನೋಡಿರುತ್ತೀರಿ. ಬೆಟ್ಟ ನಾಲಿಗೆ ಚಾಚಿದ ಹಾಗೆ ಒಂದು ಬಂಡೆ, ಅದರ ತುದಿಯಲ್ಲಿ ಕೈ ಅಗಲಿಸಿ ನಿಂತ ಒಬ್ಬ ಮನುಷ್ಯ, ಸುಮಾರು 700 ಮೀಟರ್ ಕೆಳಗೆ ನೀಲಿ ನೀರು. ನಾರ್ವೆ ಪ್ರವಾಸದ ಯಾವ ಜಾಹೀರಾತು ತೆಗೆದರೂ ಅದೇ ಬಂಡೆ.

ಆ ನೀಲಿ ನೀರನ್ನು ಬಹಳ ಜನ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ಅಂದುಕೊಳ್ಳುತ್ತಾರೆ. ಅದು ರಿಂಗೆಡಾಲ್ಸ್‌ವಾಟ್ನೆ ಅಂತ ಒಂದು ಸರೋವರ. ಅದರ ಬಾಯಿಗೆ ಅರ್ಧ ಕಿಲೋಮೀಟರ್ ಉದ್ದದ ಕಲ್ಲಿನ ಅಣೆಕಟ್ಟು ಇದೆ. ಕಟ್ಟೋಕೆ ಶುರು ಮಾಡಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ, ಮುಗಿಸಿದ್ದು 1918ರ ಹೊತ್ತಿಗೆ. ಯಾಕೆ ಕಟ್ಟಿದರು? ಕೆಳಗಿರುವ ಕಾರ್ಖಾನೆಗಳಿಗೆ ಕರೆಂಟು ಬೇಕಿತ್ತು. ಅಂದರೆ ಲಕ್ಷಾಂತರ ಜನರ ವಾಟ್ಸಾಪ್ ಡಿಪಿಯಲ್ಲಿ ಹಿಂದೆ ಹೊಳೆಯುತ್ತಿರುವುದು ಒಂದು ಕೈಗಾರಿಕಾ ಊರಿನ ಓವರ್‌ಹೆಡ್ ಟ್ಯಾಂಕು.

ಆ ಊರಿನ ಹೆಸರು ಒಡ್ಡಾ. ನಾನು ಬರೆಯಬೇಕೆಂದುಕೊಂಡಿರುವುದು ಅದರ ಬಂದರಿನ ಬಗ್ಗೆ.

ನಾನಿರುವುದು ನಾರ್ವೆಯ ಬರ್ಗನ್‌ನಲ್ಲಿ. ಬೇಸಿಗೆ ಬಂತೆಂದರೆ ಊರ ಕಡೆಯಿಂದ ನೆಂಟರೋ ಗೆಳೆಯರೋ ಬರುತ್ತಾರೆ, ಬಂದವರಿಗೆಲ್ಲ ಟ್ರೋಲ್‌ತುಂಗಾ ಬೇಕು. ಹತ್ತಿ ಇಳಿಯಲು ಹತ್ತು ಹನ್ನೆರಡು ತಾಸು ಬೇಕಾಗುವ ದಾರಿ. ನನ್ನ ಮಂಡಿ ಅದಕ್ಕೆಲ್ಲ ಒಪ್ಪುವುದಿಲ್ಲ. ಹಾಗಾಗಿ ನಾನು ಅವರನ್ನು ಬೆಳಿಗ್ಗೆ ಬಿಟ್ಟು ಬಂದು ಸಂಜೆ ತನಕ ಒಡ್ಡಾದಲ್ಲಿ ಸುಮ್ನೆ ತಿರುಗುತ್ತೇನೆ. ಮೊದಮೊದಲು ಹೊತ್ತು ಹೋಗಲಿ ಅಂತ. ಈಗೀಗ ನೆಂಟರು ಬರುವುದೇ ಇದಕ್ಕೊಂದು ನೆಪ.

ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ. ಹಾರ್ಡಾಂಗರ್ ಫಿಯೋರ್ಡ್ ಅಟ್ಲಾಂಟಿಕ್ ಕಡೆಯಿಂದ ನೂರೆಪ್ಪತ್ತು ಎಂಬತ್ತು ಕಿಲೋಮೀಟರ್ ಒಳಗೆ ಬರುತ್ತದೆ. ಸಮುದ್ರವೇ, ಉಪ್ಪು ನೀರೇ, ಆದರೆ ಎರಡೂ ಕಡೆ ಸಾವಿರ ಮೀಟರಿನ ಬೆಟ್ಟ. ಹಿಮನದಿ ಲಕ್ಷಾಂತರ ವರ್ಷ ಬಂಡೆಯನ್ನು ಉಜ್ಜಿ ಕೊರೆದ ಕಣಿವೆಗೆ ಆಮೇಲೆ ಸಮುದ್ರ ನುಗ್ಗಿದ್ದು. ಒಳಗೆ ಬಂದು ಅದು ದಕ್ಷಿಣಕ್ಕೆ ಒಂದು ಕವಲು ಒಡೆಯುತ್ತದೆ, ಅದೇ ಸೋರ್‌ಫಿಯೋರ್ಡ್. ಈ ಕವಲಿನ ಎರಡೂ ದಡದಲ್ಲಿ ಸೇಬಿನ ತೋಟ, ಚೆರ್ರಿ ತೋಟ. ಮೇ ತಿಂಗಳಲ್ಲಿ ಹೂ ಬಿಟ್ಟಾಗ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಹೂವು, ಕೆಂಪು ಮರದ ಮನೆ, ಎದುರು ದಡದ ತಲೆ ಮೇಲೆ ಫೋಲ್ಗೆಫೊನ್ನಾ ಹಿಮನದಿಯ ಮಂಜುಗಡ್ಡೆ. ಹೀಗೆ ನೋಡುತ್ತ ನೋಡುತ್ತ ತುದಿಗೆ ಬಂದರೆ ಎದುರಿಗೆ ಚಿಮಣಿ, ಸೈಲೋ, ಕ್ರೇನು, ಪೈಪು.

ಕಾರಿನ ಹಿಂದಿನ ಸೀಟಿನಿಂದ ಆಗ ಒಂದು ಮಾತು ಬಂದೇ ಬರುತ್ತದೆ. "ಛೇ, ಇಂಥಾ ಜಾಗ ಸಿಕ್ಕಿತಾ ಇವರಿಗೆ ಫ್ಯಾಕ್ಟರಿ ಹಾಕೋಕೆ?"

ಇನ್ನೆಲ್ಲಿ ಹಾಕಬೇಕಿತ್ತು ಅನ್ನುವುದು ನನ್ನ ಪ್ರಶ್ನೆ. ನೀರು ನಾನೂರು ಮೀಟರ್ ಎತ್ತರದಿಂದ ಬೀಳುವ ಜಾಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಆ ನೀರು ಬಿದ್ದ ಬುಡದಲ್ಲೇ ಹಡಗು ಬಂದು ನಿಲ್ಲುವಷ್ಟು ಆಳದ ಸಮುದ್ರ ಇರುವುದು ಬಹಳ ಅಪರೂಪ. ಸಾಮಾನ್ಯವಾಗಿ ಜಲಪಾತ ಬೆಟ್ಟದಲ್ಲಿರುತ್ತದೆ, ಬಂದರು ಕರಾವಳಿಯಲ್ಲಿರುತ್ತದೆ, ನಡುವೆ ಕಾಡು ಮೇಡು. ಕರೆಂಟನ್ನು ದೂರ ಸಾಗಿಸುವುದು ಆಗಿನ್ನೂ ಕಷ್ಟದ, ದುಬಾರಿ ಕೆಲಸ. ಇಲ್ಲಿ ನಡುವೆ ಏನೂ ಇಲ್ಲ. ಟಿಸೆಡಾಲ್ ಅನ್ನುವ ಪಕ್ಕದ ಊರಿನ ವಿದ್ಯುದಾಗಾರ ನಿಂತಿರುವುದೇ ಫಿಯೋರ್ಡಿನ ದಡದಲ್ಲಿ. ಅಲ್ಲಿಂದ ಒಡ್ಡಾ ಆರೇಳು ಕಿಲೋಮೀಟರ್.

ಇದು ಕಣ್ಣಿಗೆ ಬೀಳುವ ಮೊದಲು ಒಡ್ಡಾ ಪ್ರವಾಸಿಗರ ಊರಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶ್ರೀಮಂತ ಇಂಗ್ಲಿಷರು, ಜರ್ಮನರು ಉಗಿಹಡಗಿನಲ್ಲಿ ಬಂದಿಳಿದು ಜಲಪಾತ ನೋಡಿ ಹೋಗುತ್ತಿದ್ದರು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಕೂಡ ಬರುತ್ತಿದ್ದ. 1906ರಲ್ಲಿ ಟಿಸೆಡಾಲ್‌ನಲ್ಲಿ ಕೆಲಸ ಶುರುವಾಯಿತು, 1908ಕ್ಕೆ ಕರೆಂಟು ಬಂತು, ಅದೇ ವರ್ಷ ಬ್ರಿಟಿಷ್ ದುಡ್ಡಿನಲ್ಲಿ ಕಾರ್ಬೈಡ್ ಕಾರ್ಖಾನೆ. ನೋಡಲು ಬರುತ್ತಿದ್ದ ಜಲಪಾತಗಳು ಪೈಪಿನೊಳಗೆ ಹೋದವು. ಪ್ರವಾಸಿಗರು ಬೇರೆ ಫಿಯೋರ್ಡ್ ಹುಡುಕಿಕೊಂಡರು. ನೂರು ವರ್ಷ ಆದಮೇಲೆ ಅದೇ ಅಣೆಕಟ್ಟಿನ ನೀರು ನೋಡಲು ಮತ್ತೆ ಪ್ರವಾಸಿಗರು ಮುಗಿಬಿದ್ದಿದ್ದಾರೆ. ನನಗಂತೂ ನಗು ಬರುತ್ತದೆ.

ಕಾರ್ಬೈಡ್ ಅಂದರೆ ನಮಗೆ ಗೊತ್ತಿರುವುದು ಎರಡೇ ಕಡೆ. ಗ್ಯಾಸ್ ವೆಲ್ಡಿಂಗ್ ಅಂಗಡಿ, ಇಲ್ಲಾ ಕದ್ದುಮುಚ್ಚಿ ಮಾವಿನಕಾಯಿ ಹಣ್ಣು ಮಾಡುವ ಮಂಡಿ. ಸುಣ್ಣ ಮತ್ತು ಕೋಕ್ ಅನ್ನು ವಿದ್ಯುತ್ ಕುಲುಮೆಯಲ್ಲಿ ಎರಡು ಸಾವಿರ ಡಿಗ್ರಿಗೆ ಕಾಯಿಸಿದರೆ ಕಾರ್ಬೈಡ್ ಸಿಗುತ್ತದೆ. ಅದಕ್ಕೆ ನೀರು ತಾಗಿದರೆ ಅಸಿಟಿಲಿನ್ ಗ್ಯಾಸು. ಅದಕ್ಕೇ ತೇವ ತಾಗದ ಹಾಗೆ ತಗಡಿನ ಡ್ರಮ್ಮಿನಲ್ಲಿ ಬಿಗಿದು ಕಳಿಸಬೇಕು. ಒಡ್ಡಾದಲ್ಲಿ ವರ್ಷದ ಅರ್ಧ ದಿನ ಮಳೆ. ಮಳೆ ಊರಿನಲ್ಲಿ ಕೂತು, ನೀರು ಕಂಡರಾಗದ ಸಾಮಾನನ್ನು ನೀರಿನಿಂದಲೇ ಮಾಡಿ, ನೀರಿನ ಮೇಲೇ ಕಳಿಸುವುದು! ಪಕ್ಕದಲ್ಲೇ ಇನ್ನೊಂದು ಕಾರ್ಖಾನೆ ಗಾಳಿಯಿಂದ ಸಾರಜನಕ ತೆಗೆದು ಕಾರ್ಬೈಡ್ ಜೊತೆ ಸೇರಿಸಿ ಸಯನಮೈಡ್ ಗೊಬ್ಬರ ಮಾಡುತ್ತಿತ್ತು. ಕಲ್ಲಿದ್ದಲು, ಸುಣ್ಣದಕಲ್ಲು ಬಂದಿದ್ದೂ ಹಡಗಿನಲ್ಲಿ.

1921ರಲ್ಲಿ ಎಲ್ಲ ಮುಳುಗಿತು. ಕಂಪನಿ ದಿವಾಳಿ, ಊರಿಗೆ ಊರೇ ನಿರುದ್ಯೋಗಿ. 1924ರಲ್ಲಿ ಹೊಸ ಮಾಲೀಕತ್ವದಲ್ಲಿ ಮತ್ತೆ ಕುಲುಮೆ ಹೊತ್ತಿತು. ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಎರ್ಲಿಂಗ್ ಯೋನ್ಸನ್ ಎಂಬ ರಸಾಯನ ತಜ್ಞ 1920ರ ದಶಕದ ಕೊನೆಗೆ ಗೊಬ್ಬರ ಮಾಡುವ ಒಂದು ಹೊಸ ವಿಧಾನ ಕಂಡುಹಿಡಿದ. ರಾಕ್ ಫಾಸ್ಫೇಟನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತಣ್ಣಗೆ ಮಾಡಿದರೆ ಕ್ಯಾಲ್ಸಿಯಂ ನೈಟ್ರೇಟ್ ಹರಳಾಗಿ ಬೇರೆಯಾಗುತ್ತದೆ, ಉಳಿದದ್ದರಿಂದ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಕಾಂಪ್ಲೆಕ್ಸ್ ಗೊಬ್ಬರ. ಇಡೀ ಜಗತ್ತು ಇದನ್ನು ಒಡ್ಡಾ ಪ್ರಕ್ರಿಯೆ ಅಂತಲೇ ಕರೆಯುತ್ತದೆ. ನಾರ್ವೆಯ ಯಾರಾ ಕಂಪನಿ ಪೋರ್ಸ್‌ಗ್ರುನ್‌ನಲ್ಲಿ ಇವತ್ತಿಗೂ ಗೊಬ್ಬರ ಮಾಡುವುದು ಇದೇ ದಾರಿಯಲ್ಲಿ. ಯಾರಾ ಮೂಟೆ ನಮ್ಮ ಕಡೆಯ ಗೊಬ್ಬರದ ಅಂಗಡಿಗಳಲ್ಲೂ ಇರುತ್ತದೆ, ದ್ರಾಕ್ಷಿ ದಾಳಿಂಬೆ ಬೆಳೆಯುವವರನ್ನು ಕೇಳಿ ನೋಡಿ. ಆದರೆ ಒಡ್ಡಾ ಎಂಬ ಊರಿನ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಕಾರ್ಬೈಡ್ ಕಾರ್ಖಾನೆ 2003ರಲ್ಲಿ ಮತ್ತೆ ದಿವಾಳಿಯಾಯಿತು, ಈ ಸಲ ಪೂರ್ತಿಯಾಗಿ ಬಾಗಿಲು ಹಾಕಿತು. ಕೆಲವು ಕಟ್ಟಡ ಕೆಡವಿದರು, ಕೆಲವನ್ನು ಪಾರಂಪರಿಕ ಅಂತ ಉಳಿಸಿಕೊಂಡರು. ಉಳಿಸಬೇಕೋ ಕೆಡವಬೇಕೋ ಅಂತ ಊರಿನಲ್ಲಿ ವರ್ಷಗಟ್ಟಲೆ ಜಗಳ. ಇದೇ ಥರದ ಇನ್ನೆರಡು ಊರು, ರ್ಯೂಕನ್ ಮತ್ತು ನೋಟೊಡ್ಡನ್, 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಒಡ್ಡಾ ಸೇರಲಿಲ್ಲ. ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ, ಯಾಕೆಂದರೆ ಒಡ್ಡಾ ಇನ್ನೂ ಮ್ಯೂಸಿಯಂ ಆಗಿಲ್ಲ. ಬಂದರಿಗೆ ಇನ್ನೂ ಹಡಗು ಬರುತ್ತಿದೆ.

ಈಗ ಬರುವ ಹಡಗುಗಳಲ್ಲಿ ಹೆಚ್ಚಿನವು ಸತುವಿಗಾಗಿ. ಊರಿನ ಪಕ್ಕಕ್ಕೆ ಐಟ್ರ್‌ಹೈಮ್ ಅಂತ ಒಂದು ಪುಟ್ಟ ಭೂಶಿರ ನೀರಿನೊಳಕ್ಕೆ ಚಾಚಿದೆ. ಅದರ ತುಂಬ ಸತುವಿನ ಕಾರ್ಖಾನೆ. 1929ರಿಂದ ನಡೆಯುತ್ತಿದೆ, ಈಗ ಸ್ವೀಡನ್ನಿನ ಬೋಲಿಡನ್ ಕಂಪನಿಯದು. ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಸತು ತೆಗೆಯುತ್ತಿದ್ದ ಇದನ್ನು ಮೂರೂವರೆ ಲಕ್ಷ ಟನ್ನಿಗೆ ಹಿಗ್ಗಿಸುವ ಕೆಲಸಕ್ಕೆ 2021ರಲ್ಲಿ ಕೈಹಾಕಿದರು. ಇಲ್ಲಿ ಒಂದು ಚೂರು ಸತುವಿನ ಅದಿರೂ ಸಿಗುವುದಿಲ್ಲ, ಗೊತ್ತಾ? ಎಲ್ಲ ಹೊರಗಿನದು. ಸ್ವೀಡನ್ನಿನ ಗಣಿ, ಐರ್ಲೆಂಡಿನ ಗಣಿ, ಇನ್ನೂ ಎಲ್ಲೆಲ್ಲಿಂದಲೋ.

ಕಾರ್ಖಾನೆಯ ದಕ್ಕೆಗೆ ನಮ್ಮಂಥವರನ್ನು ಬಿಡುವುದಿಲ್ಲ. ದೂರದ ರಸ್ತೆಯಲ್ಲಿ ನಿಂತು ನೋಡಬೇಕು. ದೊಡ್ಡ ಹಡಗು ಅಂದುಕೊಳ್ಳಬೇಡಿ. ಕೆಲವೇ ಸಾವಿರ ಟನ್ನಿನ ಸಣ್ಣ ಬಲ್ಕ್ ಹಡಗುಗಳು (ಸರಕನ್ನು ಮೂಟೆ ಕಟ್ಟದೆ ಹಾಗೇ ರಾಶಿ ಸುರಿದು ಒಯ್ಯುವಂಥವು), ಹಿಂದೆ ಬಿಳೀ ಮನೆಯಂಥ ಭಾಗ, ಮುಂದೆ ಉದ್ದಕ್ಕೆ ಸರಕಿನ ಹೊಟ್ಟೆ. ಕ್ರೇನಿನ ಗ್ರ್ಯಾಬ್ ಎರಡು ದವಡೆ ತೆರೆದು ಒಳಗೆ ಇಳಿಯುತ್ತದೆ, ಕಚ್ಚಿಕೊಂಡು ಮೇಲೆ ಬರುತ್ತದೆ. ಅಂಚಿನಿಂದ ಒಂದಿಷ್ಟು ಉದುರುತ್ತದೆ. ಕಪ್ಪು ಮಿಶ್ರಿತ ಕಂದು ಬಣ್ಣದ ಪುಡಿ. ಆದರೆ ಪುಡಿಯ ಹಾಗೆ ಹಾರುವುದಿಲ್ಲ, ಒದ್ದೆ ಮಣ್ಣಿನ ಹಾಗೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಕಿತ್ತಳೆ ಬಣ್ಣದ ಬಾಯ್ಲರ್ ಸೂಟ್ ತೊಟ್ಟವನೊಬ್ಬ ಹ್ಯಾಚ್ ಅಂಚಿನಲ್ಲಿ ನಿಂತು ಕೈಸನ್ನೆ ಮಾಡುತ್ತಿರುತ್ತಾನೆ. ಗ್ರ್ಯಾಬ್ ಮತ್ತೆ ಇಳಿಯುತ್ತದೆ. ಹೀಗೇ ಗಂಟೆಗಟ್ಟಲೆ. ಇದನ್ನು ನೋಡಿ ಬೇಜಾರು ಬರುವುದಿಲ್ಲವೇ ಅಂತ ಹೆಂಡತಿ ಕೇಳುತ್ತಾಳೆ. ಬರುವುದಿಲ್ಲ.

ಆ ಪುಡಿಯ ವಿಡಿಯೋ ಒಂದನ್ನು ಮಂಗಳೂರಿನ ನನ್ನ ಗೆಳೆಯನಿಗೆ ಕಳಿಸಿದ್ದೆ. ಅವನು ಬಲ್ಕ್ ಹಡಗುಗಳಲ್ಲಿ ಚೀಫ್ ಆಫೀಸರ್, ಆಗ ರಜೆಯಲ್ಲಿ ಮನೆಯಲ್ಲಿದ್ದ. ಕೂಡಲೇ ಫೋನ್ ಮಾಡಿದ.

"ಎಂತ ಮಾರಾಯ, ಜನ ಬೆಟ್ಟ ನೋಡ್ಲಿಕ್ಕೆ ಹೋಗ್ತಾರೆ, ನೀನು ಕಾನ್ಸಂಟ್ರೇಟ್ ನೋಡ್ತಾ ಕೂತಿದ್ದೀಯಾ?"

"ಇದು ಯಾಕೆ ಇಷ್ಟು ಒದ್ದೆ ಇರ್ತದೆ ಅಂತ ಹೇಳು."

"ಒದ್ದೆ ಇರ್ಲೇಬೇಕು, ಇಲ್ಲದಿದ್ರೆ ಹಾರ್ತದೆ. ಆದ್ರೆ ಜಾಸ್ತಿ ಒದ್ದೆ ಆಯ್ತಾ, ಹಡಗು ಮುಗೀತು."

ಅವನು ವಿವರಿಸಿದ್ದು ಇಷ್ಟು. ಗಣಿಯಲ್ಲಿ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ತೇಲಿಸಿ, ಬೇಡದ ಕಲ್ಲು ಕಳೆದು ಉಳಿದದ್ದೇ ಕಾನ್ಸಂಟ್ರೇಟ್. ಅರ್ಧದಷ್ಟು ಸತು ಇರುತ್ತದೆ, ಉಳಿದದ್ದು ಮುಖ್ಯವಾಗಿ ಗಂಧಕ, ಕಬ್ಬಿಣ. ಕೈಯಲ್ಲಿ ಹಿಡಿದರೆ ಗಟ್ಟಿ ಅನಿಸುತ್ತದೆ. ಆದರೆ ಕಣಗಳ ನಡುವೆ ನೀರು ಕೂತಿರುತ್ತದೆ. ಸಮುದ್ರದಲ್ಲಿ ಹಡಗು ದಿನಗಟ್ಟಲೆ ಕುಲುಕಿ ನಡುಗುವಾಗ ಕಣಗಳು ಒತ್ತಿಕೊಂಡು ನೀರು ಹೋಗಲು ದಾರಿಯಿಲ್ಲದೆ, ಗಟ್ಟಿ ಇದ್ದ ರಾಶಿ ಒಂದೇ ಸಲಕ್ಕೆ ದ್ರವದ ಹಾಗೆ ಆಡಲು ಶುರುಮಾಡುತ್ತದೆ. ಒಂದು ಕಡೆಗೆ ವಾಲಿತು, ಮತ್ತೆ ವಾಪಸ್ ಬರಲಿಲ್ಲ ಅಂದರೆ ಹಡಗು ಮಗುಚಿತು. ಅದಕ್ಕೇ ಇಂಥ ಸರಕಿಗೆ ಇಷ್ಟೇ ತೇವಾಂಶ ಇರಬೇಕು ಅಂತ ಅಂತಾರಾಷ್ಟ್ರೀಯ ನಿಯಮವಿದೆ, ಲ್ಯಾಬಿನ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಮೇಲೆ ಅನುಮಾನ ಬಂದರೆ ಹಡಗಿನವರೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಪುಡಿ ತುಂಬಿ, ಗಟ್ಟಿ ನೆಲಕ್ಕೆ ಗೇಣೆತ್ತರದಿಂದ 25 ಸಲ ಕುಟ್ಟುವುದು. ಮೇಲೆ ನೀರು ಜಿನುಗಿದರೆ ಲೋಡಿಂಗ್ ನಿಲ್ಲಿಸಿ ಮತ್ತೆ ಲ್ಯಾಬಿಗೆ ಕಳಿಸಬೇಕು. ಇಷ್ಟೇ. ಕೋಟ್ಯಂತರ ರೂಪಾಯಿಯ ಹಡಗು, ಹತ್ತಿಪ್ಪತ್ತು ಜನರ ಜೀವ, ಒಂದು ಡಬ್ಬಿ.

"ನಮ್ಮಲ್ಲೇ ಆಗಿದೆಯಲ್ವಾ, ನೆನಪಿಲ್ವಾ ನಿಂಗೆ?" ಅಂದ. ನೆನಪಿತ್ತು. 2009ರ ಜುಲೈ, ಜೋರು ಮಳೆಗಾಲ. ನವ ಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ಮಂಗಳೂರಿನಾಚೆಯೇ ವಾಲಿ ಮುಳುಗಿತು. ಪುಣ್ಯಕ್ಕೆ ಅದರಲ್ಲಿದ್ದವರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಬಯಲಲ್ಲಿ ರಾಶಿ ಹಾಕಿದ ಅದಿರು, ಮೇಲೆ ಕರಾವಳಿಯ ಮಳೆ, ಇನ್ನೇನಾಗುತ್ತದೆ?

ಒಡ್ಡಾಕ್ಕೆ ಬರುವ ಹಡಗಿಗೆ ಕೊನೆಯ ನೂರಕ್ಕೂ ಹೆಚ್ಚು ಕಿಲೋಮೀಟರ್ ಫಿಯೋರ್ಡಿನೊಳಗೆ, ಕೆರೆಯ ಹಾಗಿರುವ ನೀರಲ್ಲಿ. ಆದರೆ ಅದಕ್ಕೂ ಮೊದಲು ಉತ್ತರ ಸಮುದ್ರ ದಾಟಿ ಬರಬೇಕಲ್ಲ.

ದಕ್ಕೆಯಿಂದ ಒಳಗೆ ಹೋದ ಪುಡಿಯನ್ನು ಹುರಿಯುತ್ತಾರೆ. ಗಂಧಕ ಹೊಗೆಯಾಗಿ ಬಿಡುತ್ತದೆ, ಅದನ್ನು ಹಿಡಿದು ಸಲ್ಫ್ಯೂರಿಕ್ ಆಮ್ಲ ಮಾಡುತ್ತಾರೆ, ಅದೂ ಮಾರಾಟಕ್ಕೆ. ಉಳಿದದ್ದನ್ನು ಆಮ್ಲದಲ್ಲಿ ಕರಗಿಸಿ, ಶುದ್ಧ ಮಾಡಿ, ಕರೆಂಟು ಹಾಯಿಸುತ್ತಾರೆ. ಅಲ್ಯುಮಿನಿಯಂ ಹಲಗೆಗಳ ಮೇಲೆ ಸತು ಪದರ ಪದರವಾಗಿ ಕೂರುತ್ತದೆ, ಅದನ್ನು ಸುಲಿದು ಕರಗಿಸಿ ಗಟ್ಟಿ ಹೊಯ್ಯುತ್ತಾರೆ. ಇಷ್ಟಕ್ಕೆಲ್ಲ ಸೇರಿ ಒಂದು ಟನ್ ಸತುವಿಗೆ ಹೆಚ್ಚುಕಡಿಮೆ 4,000 ಯೂನಿಟ್ ಕರೆಂಟು ಬೇಕು. ಗೃಹಜ್ಯೋತಿಯ 200 ಯೂನಿಟ್ ಲೆಕ್ಕ ಹಿಡಿದರೆ, ಒಂದು ಮನೆ ಇಪ್ಪತ್ತು ತಿಂಗಳು ಉರಿಸುವಷ್ಟು. ಒಂದೇ ಒಂದು ಟನ್ನಿಗೆ!

ಇದು ತಲೆಗೆ ಹೋದಮೇಲೆ ನನಗೆ ಆ ಬಂದರು ಬೇರೆಯೇ ಥರ ಕಾಣಲು ಶುರುವಾಯಿತು. ಇಲ್ಲಿಂದ ಹೊರಗೆ ಹೋಗುತ್ತಿರುವುದು ಹೆಸರಿಗೆ ಸತು. ಸತು ಐರ್ಲೆಂಡಿನ ನೆಲದ್ದು, ಸ್ವೀಡನ್ನಿನ ನೆಲದ್ದು. ಒಡ್ಡಾ ಅದಕ್ಕೆ ಸೇರಿಸಿದ್ದು ಕರೆಂಟು, ಅಂದರೆ ಬೆಟ್ಟದ ಮೇಲೆ ಬಿದ್ದ ಮಳೆ ಮತ್ತು ಕರಗಿದ ಹಿಮ. ತಂತಿಯಲ್ಲಿ ಕಳಿಸಲಾಗದ ಕಾಲದಲ್ಲಿ ಕಾರ್ಬೈಡ್ ಮಾಡಿ ಡ್ರಮ್ಮಿನಲ್ಲಿ ಕಳಿಸಿದರು, ಈಗ ಸತುವಿನ ಗಟ್ಟಿ ಮಾಡಿ ಕಳಿಸುತ್ತಾರೆ. ಟಿಸೆಡಾಲ್‌ನಲ್ಲೂ ಅದೇ ಕಥೆ. ಅಲ್ಲಿ 1916ರಿಂದ 1981ರವರೆಗೆ ಅಲ್ಯುಮಿನಿಯಂ, 1986ರಿಂದ ಇಲ್ಮನೈಟ್ ಎಂಬ ಟೈಟಾನಿಯಂ ಅದಿರು. ಇತ್ತೀಚಿನ ವರ್ಷಗಳಲ್ಲಿ ಆ ಇಲ್ಮನೈಟ್ ಮರಳು ಬರುತ್ತಿರುವುದು ಆಫ್ರಿಕಾದ ಸೆನೆಗಲ್‌ನ ಕಡಲತೀರದಿಂದ! ಅದನ್ನು ಕರಗಿಸಿ ಟೈಟಾನಿಯಂ ಸ್ಲ್ಯಾಗ್ ಮತ್ತು ಕಬ್ಬಿಣ ಬೇರೆ ಮಾಡುತ್ತಾರೆ. ಸ್ಲ್ಯಾಗ್ ಕೊನೆಗೆ ಬಿಳಿ ಪೇಂಟಿಗೆ ಹೋಗುತ್ತದೆ. ಸೆನೆಗಲ್‌ನ ಮರಳು ನಾರ್ವೆಯ ಜಲಪಾತದ ಬುಡಕ್ಕೆ ಬಂದು ಯಾರದೋ ಮನೆಯ ಗೋಡೆಗೆ ಬಣ್ಣವಾಗುವುದು.

ಇದಕ್ಕೆ ಬೆಲೆ ತೆತ್ತಿದ್ದು ಫಿಯೋರ್ಡು. ಇದನ್ನು ಹೇಳದೆ ಬರೆದರೆ ಕಾರ್ಖಾನೆಯವರ ಕರಪತ್ರ ಆಗುತ್ತದೆ.

ಸತು ತೆಗೆದಮೇಲೆ ಉಳಿಯುವ ಕಬ್ಬಿಣದ ಕೆಸರು ಇರುತ್ತದಲ್ಲ, ಅದರಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಎಲ್ಲ ಸೇರಿರುತ್ತದೆ. ದಶಕಗಟ್ಟಲೆ ಅದನ್ನು ನೇರವಾಗಿ ಫಿಯೋರ್ಡಿಗೆ ಬಿಟ್ಟರು. ಆಳ ಇದೆ, ಕಣ್ಣಿಗೆ ಕಾಣುವುದಿಲ್ಲ, ಮುಗೀತು. ಆದರೆ ಫಿಯೋರ್ಡಿನ ಒಳ ತುದಿಯಲ್ಲಿ ನೀರು ಹೊರಗಿನ ಸಮುದ್ರದ ಹಾಗೆ ಬೇಗ ಬದಲಾಗುವುದಿಲ್ಲ. 1970ರ ದಶಕದಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ ಸೋರ್‌ಫಿಯೋರ್ಡ್ ಭಾರಲೋಹಗಳ ವಿಷಯದಲ್ಲಿ ಇಡೀ ಜಗತ್ತಿನಲ್ಲೇ ಅತ್ಯಂತ ಕೆಟ್ಟಿರುವ ಫಿಯೋರ್ಡುಗಳ ಸಾಲಿನಲ್ಲಿತ್ತು. ದಡದಲ್ಲಿ ಸೇಬಿನ ಹೂವು, ತಳದಲ್ಲಿ ಕ್ಯಾಡ್ಮಿಯಂ. ಚಿಪ್ಪಿನ ಮಾಂಸ ತಿನ್ನಬೇಡಿ ಅಂತ ಸರ್ಕಾರ ಹೇಳಬೇಕಾಯಿತು. ನಾನು ಕುಂದಾಪುರ ಕಡೆಯವನು, ಮರುವಾಯಿ ತಿಂದು ಬೆಳೆದವನು. ಮನೆಯೆದುರಿನ ನೀರಿನ ಚಿಪ್ಪು ತಿನ್ನುವ ಹಾಗಿಲ್ಲ ಅಂದರೆ ಅದು ಎಂಥ ಶಿಕ್ಷೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1986ರಲ್ಲಿ ಫಿಯೋರ್ಡಿಗೆ ಕೆಸರು ಬಿಡುವುದು ನಿಂತಿತು. ಅಲ್ಲಿಂದೀಚೆಗೆ ಆ ಕೆಸರನ್ನು ಪಕ್ಕದ ಬೆಟ್ಟದೊಳಗೆ ದೊಡ್ಡ ದೊಡ್ಡ ಗುಹೆ ಕೊರೆದು ಅದರಲ್ಲಿ ತುಂಬುತ್ತಾರೆ. ಒಂದು ತುಂಬಿದಮೇಲೆ ಇನ್ನೊಂದು ಕೊರೆಯುತ್ತಾರೆ. ಕಾರ್ಖಾನೆ ಪಕ್ಕದ ಕೊಲ್ಲಿಯ ತಳವನ್ನು 1990ರ ದಶಕದ ಶುರುವಿನಲ್ಲಿ ಬಟ್ಟೆಯಂಥ ಹೊದಿಕೆ ಹಾಸಿ, ಮೇಲೆ ಮರಳು ಹರಡಿ ಮುಚ್ಚಿದರು. ನೀರು ಈಗ ಎಷ್ಟೋ ವಾಸಿ. ಆದರೆ ತಳದ ಕೆಸರಿನಲ್ಲಿ ಕೂತಿರುವ ಪಾದರಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಳದ ಮೀನಿನ ವಿಷಯದಲ್ಲಿ ಹುಷಾರಾಗಿರಿ ಅನ್ನುವ ಎಚ್ಚರಿಕೆ ಕಾರ್ಬೈಡ್ ಕಾರ್ಖಾನೆ ಮುಚ್ಚಿದ ಮೇಲೂ ಉಳಿದುಕೊಂಡಿತು.

ಈಗ ಇದೇ ಸತುವನ್ನು ಹಸಿರು ಸತು ಅನ್ನುತ್ತಾರೆ. ಕಲ್ಲಿದ್ದಲು ಸುಟ್ಟ ಕರೆಂಟಿನಲ್ಲಿ ಮಾಡಿದ ಸತುವಿಗೆ ಹೋಲಿಸಿದರೆ ಇಂಗಾಲದ ಲೆಕ್ಕ ಬಹಳ ಕಡಿಮೆ, ಅದು ನಿಜ. ಹಸಿರು ಅನ್ನುವ ಹೆಸರು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಕಸವನ್ನು ಹಡಗಿಗೆ ತುಂಬಿ ಬಡ ದೇಶಕ್ಕೆ ಸಾಗಹಾಕದೆ ಇವರು ತಮ್ಮ ಬೆಟ್ಟದೊಳಗೇ ಇಟ್ಟುಕೊಂಡಿದ್ದಾರೆ. ಬಂದರು ಇರುವ ಊರಿಗೆ ಇನ್ನೊಂದು ದಾರಿ ಕಷ್ಟವೇನೂ ಆಗಿರಲಿಲ್ಲ.

ಊರಲ್ಲಿ ನಮ್ಮ ಮನೆ ಅಂಗಳಕ್ಕೆ ಅಡಿಕೆ ಒಣಗಿಸಲು ಜಿಐ ಶೀಟ್ ಹಾಕಿಸಿದ್ದೇವೆ. ಉಪ್ಪು ಗಾಳಿಗೆ ಬರೀ ಕಬ್ಬಿಣ ಎರಡು ಮಳೆಗಾಲ ತಡೆಯುವುದಿಲ್ಲ, ಸತುವಿನ ಲೇಪ ಇರುವುದಕ್ಕೇ ಅದು ನಿಂತಿದೆ. ಆ ಸತು ಎಲ್ಲಿಯದೋ, ರಾಜಸ್ಥಾನದ್ದೇ ಇರಬೇಕು. ಆದರೆ ಎಲ್ಲಿಯದಾದರೂ ಒಂದು ಗಣಿ, ಒಂದು ಕುಲುಮೆ, ಒಂದು ಕೆಸರಿನ ಗುಂಡಿ ಅದರ ಹಿಂದೆ ಇದ್ದೇ ಇದೆ. ಹಿಂದಿನ ಸೀಟಿನವರು "ಛೇ" ಅಂದಾಗ ಇದನ್ನೆಲ್ಲ ಹೇಳಲು ಹೋಗುತ್ತೇನೆ. ಅಷ್ಟರಲ್ಲಿ ಅವರ ಗಮನ ಪಾರ್ಕಿಂಗ್ ಚಾರ್ಜಿನ ಮೇಲೆ ಹೋಗಿರುತ್ತದೆ, ಅದೂ ಸಣ್ಣ ಮೊತ್ತ ಅಲ್ಲ ಬಿಡಿ.

ನೀವು ಯಾವತ್ತಾದರೂ ಆ ಕಡೆ ಬಂದರೆ ಟಿಸೆಡಾಲ್‌ನ ಹಳೆಯ ವಿದ್ಯುದಾಗಾರ ನೋಡದೆ ಹೋಗಬೇಡಿ. 1989ರಲ್ಲಿ ನಿಲ್ಲಿಸಿದ ಟರ್ಬೈನುಗಳ ಸಾಲು ಹಾಗೇ ಇದೆ, ಈಗ ಅದು ಮ್ಯೂಸಿಯಂ. ಕಿಟಕಿಗಳು ಚರ್ಚಿನವೇನೋ ಅನ್ನುವಷ್ಟು ಎತ್ತರ. ಒಳಗೆ ಸುತ್ತಿ ಬರಲು ಎರಡು ತಾಸು ಸಾಕು. ಬಂಡೆ ಹತ್ತಲು ಹೋದವರು ಮಂಜು ಕವಿದು ಏನೂ ಕಾಣದೆ ವಾಪಸ್ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಮ್ಯೂಸಿಯಮ್ಮಿಗೆ ಆ ತೊಂದರೆ ಇಲ್ಲ. ಮಕ್ಕಳಿದ್ದರೆ ಅಲ್ಲಿಂದ ಹೊರಟು ಒಡ್ಡಾದ ದಡಕ್ಕೆ ಬನ್ನಿ. ಹಡಗು ಇದ್ದ ದಿನವಾದರೆ ಗ್ರ್ಯಾಬ್ ತೋರಿಸಿ. ನನ್ನ ತಂಗಿಯ ಮಗ ಟ್ರೋಲ್‌ತುಂಗಾ ಬಗ್ಗೆ ಕೇಳಿದರೆ ಕಾಲು ನೋವಿನ ಕಥೆ ಮಾತ್ರ ಹೇಳುತ್ತಾನೆ, ಆ ಗ್ರ್ಯಾಬ್ ಎಷ್ಟು ಸಲ ಇಳಿಯಿತು ಅಂತ ಮಾತ್ರ ಈಗಲೂ ಸರಿಯಾಗಿ ಹೇಳುತ್ತಾನೆ.